ಒಣ ತರಕಾರಿ ಹೊತ್ತು ಡಾಸನ್‌ಗೆ

ನೋಡಿ, ಇದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಪ್ಯುಯಾಲಪ್ ಊರು. ಎದುರಿಗೆ ಕಾಣುತ್ತಿರುವುದು ಎಜ್ರಾ ಮೀಕರ್ ಅವರ ಮನೆ. 17 ಕೋಣೆ. ಕಟ್ಟಿ ಮುಗಿದದ್ದು 1890ರಲ್ಲಿ. ಮನೆ ಚೆನ್ನಾಗಿದೆ, ಆದರೆ ನಾನು ಬಂದದ್ದು ಇದನ್ನು ಕಟ್ಟಿಸಿದ ರೈತನ ಕಥೆ ಹೇಳೋಕೆ.

ಮೀಕರ್ ಹುಟ್ಟಿದ್ದು 1830ರಲ್ಲಿ, ಒಹಾಯೋದಲ್ಲಿ. 1852ರ ಏಪ್ರಿಲ್‌ನಲ್ಲಿ ಹೆಂಡತಿ ಎಲೈಜಾ ಜೇನ್, ಎಳೆ ಕೂಸು, ಒಂದು ಎತ್ತಿನ ಗಾಡಿ. ಹೀಗೆ ಅಯೋವಾದಿಂದ ಪಶ್ಚಿಮಕ್ಕೆ ಹೊರಟರು. ಪೋರ್ಟ್‌ಲ್ಯಾಂಡ್ ಮುಟ್ಟಿದಾಗ ಅಕ್ಟೋಬರ್ 1.

ಇದೇ ವಾಷಿಂಗ್ಟನ್‌ನ ಸ್ಟೀಲಕೂಮ್ ಊರಿನಲ್ಲಿ ಅಪ್ಪ, ಅಣ್ಣನ ಜೊತೆ ಅಂಗಡಿ ಇಟ್ಟರು. ಅಂಗಡಿಯ ಸರಕಿಗಾಗಿ ಹೋಗಿದ್ದ ಅಣ್ಣ ಆಲಿವರ್ ಹಡಗು ಮುಳುಗಿ ತೀರಿಕೊಂಡರು. ಅಂಗಡಿಯೂ ಉಳಿಯಲಿಲ್ಲ. ಮತ್ತೆ ಮಣ್ಣಿಗೇ ಬಂದರು, ಈ ಕಣಿವೆಗೆ.

ಒಂದು ಮಾತು ಬಿಡುವ ಹಾಗಿಲ್ಲ. ಈ ಕಣಿವೆ ಅದಕ್ಕೂ ಮೊದಲೇ ಇಲ್ಲಿನ ಮೂಲನಿವಾಸಿಗಳಾದ ಪ್ಯುಯಾಲಪ್ ಜನರ ನೆಲ. 1856ರಲ್ಲಿ ಇನ್ನೊಂದು ಮೂಲನಿವಾಸಿ ಬುಡಕಟ್ಟಾದ ನಿಸ್ಕ್ವಾಲಿಯ ನಾಯಕ ಲೆಶೈ ಮೇಲೆ ಕೊಲೆ ಆರೋಪದ ವಿಚಾರಣೆ ನಡೆದಾಗ ಮೀಕರ್ ಜ್ಯೂರಿಯಲ್ಲಿದ್ದರು. ತಪ್ಪಿತಸ್ಥ ಅಲ್ಲ ಎಂದು ಕೊನೆವರೆಗೂ ನಿಂತ ಇಬ್ಬರಲ್ಲಿ ಅವರೂ ಒಬ್ಬರು. ಆದರೂ ಮತ್ತೊಮ್ಮೆ ವಿಚಾರಣೆ ನಡೆಸಿ 1858ರಲ್ಲಿ ಲೆಶೈ ಅವರನ್ನು ಗಲ್ಲಿಗೇರಿಸಿದರು.

1865ರಲ್ಲಿ ಇಲ್ಲಿ ಹಾಪ್ಸ್ ಬಳ್ಳಿ ನೆಟ್ಟರು. ಬಿಯರ್‌ಗೆ ಕಹಿ ಕೊಡುವುದು ಇದರ ಹೂವೇ. ಕೊಯ್ದು, ಒಣಗಿಸಿ, ಮೂಟೆ ಕಟ್ಟಿ ಕಳಿಸಬೇಕು. ತಮ್ಮ ಬೆಳೆ ಸಾಲದೆ ಅಕ್ಕಪಕ್ಕದವರ ಬೆಳೆಯನ್ನೂ ಕೊಂಡು ಲಂಡನ್‌ವರೆಗೆ ಮಾರಿದರು. ಬೆಳೆಗಾರರಿಗೆ ಮುಂಗಡ ಹಣವನ್ನೂ ಕೊಡುತ್ತಿದ್ದರು. 1891ರಲ್ಲಿ ಬಳ್ಳಿಗೆ ಸಸ್ಯಹೇನು ಬಿತ್ತು. 1893ರಲ್ಲಿ ದೇಶದ ಬ್ಯಾಂಕುಗಳು ಸಾಲಾಗಿ ಬಿದ್ದವು. ಕೊಟ್ಟ ಮುಂಗಡ ವಾಪಸ್ ಬರಲಿಲ್ಲ. ಎಲ್ಲ ಹೋಯಿತು.

ನನಗೆ ಈ ಮನೆಗಿಂತ ಜಾಸ್ತಿ ಹಿಡಿಸಿದ್ದು ಆಮೇಲಿನದು. ಕೆನಡಾದ ವಾಯವ್ಯ ಮೂಲೆಯ ಕ್ಲಾಂಡೈಕ್‌ನಲ್ಲಿ ಚಿನ್ನ ಸಿಕ್ಕಿದೆ ಎಂದು ಊರೆಲ್ಲ ಓಡುತ್ತಿತ್ತು. ಅಲ್ಲಿ ಊಟಕ್ಕೆ ಏನು ಸಿಗುತ್ತೆ? ರೈತನಿಗೆ ಮೊದಲು ಹೊಳೆಯುವುದು ಅದೇ ಅಲ್ವಾ? ಮೀಕರ್ ತರಕಾರಿ ಒಣಗಿಸಿದರು. 1898ರಲ್ಲಿ, 67ನೇ ವಯಸ್ಸಿನಲ್ಲಿ, ಕಡಿದಾದ ಚಿಲ್ಕೂಟ್ ಕಣಿವೆದಾರಿ ಹತ್ತಿ, ಕ್ಲಾಂಡೈಕ್‌ನ ಡಾಸನ್ ಪಟ್ಟಣ ಮುಟ್ಟಿ ಮಾರಿದರು. ಆಮೇಲೆ ಅಲ್ಲಿ ಅಳಿಯನ ಜೊತೆ ದಿನಸಿ ಅಂಗಡಿಯನ್ನೇ ತೆರೆದರು. ಹೆಸರು ಲಾಗ್ ಕ್ಯಾಬಿನ್ ಗ್ರಾಸರಿ. ಗಳಿಸಿದ್ದನ್ನು ಗಣಿಗೆ ಹಾಕಿ ಕಳೆದುಕೊಂಡರು. ಮಗ ಫ್ರೆಡ್ ಅಲ್ಲೇ ತೀರಿಕೊಂಡ. 1901ರಲ್ಲಿ ಬರಿಗೈಲಿ ಮನೆಗೆ ಬಂದರು.

1906ರ ಜನವರಿ. ವಯಸ್ಸು 75. ಮತ್ತೆ ಎತ್ತಿನ ಗಾಡಿ ಕಟ್ಟಿದರು. ಈ ಸಲ ಪೂರ್ವಕ್ಕೆ, ಬಂದ ದಾರಿಯಲ್ಲೇ. ಆ ದಾರಿ ಅಳಿದು ಹೋಗಬಾರದು, ಅಲ್ಲಲ್ಲಿ ಗುರುತಿನ ಕಲ್ಲು ನಿಲ್ಲಿಸಬೇಕು ಎಂದು. ಮೊದಲ ಬಿಡಾರ ಎಲ್ಲಿ ಹೂಡಿದರು ಗೊತ್ತಾ? ದೂರ ಎಲ್ಲೂ ಅಲ್ಲ, ಇದೇ ಊರಿನಲ್ಲಿ, ತಮ್ಮ ಮನೆ ಮುಂದಿನ ಅಂಗಳದಲ್ಲಿ.