ಕಿವಿಗೆ ಅಳತೆ ಕೊಟ್ಟು ಬಂದೆ

ಮೇಜಿನ ಮೇಲೆ ಕಾಣಿಸುತ್ತಿದೆಯಲ್ಲ, ಈ ನಾಲ್ಕು ಇಯರ್‌ಫೋನ್, ನಾಲ್ಕೂ ಸತ್ತಿವೆ. ನಾಲ್ಕಕ್ಕೂ ಒಂದೇ ಕಾಯಿಲೆ, ವೈರು. ಜ್ಯಾಕ್ ಹತ್ತಿರ ಬಾಗಿ ಬಾಗಿ ಒಂದು ದಿನ ಎಡಗಿವಿ ಮೂಕ. ಒಳಗಿನ ಸ್ಪೀಕರ್ ಚೆನ್ನಾಗೇ ಇದೆ, ಆದರೆ ವೈರು ಬಿಚ್ಚೋಕೆ ಬರಲ್ಲ. ಎತ್ತಿ ಎಸೆಯಬೇಕು.

ನನ್ನದು ದಿನಾ ಕೆಂಗೇರಿಯಿಂದ ವೈಟ್‌ಫೀಲ್ಡ್, ನೇರಳೆ ಮಾರ್ಗದ ಮೆಟ್ರೋ. ಹೋಗಿ ಬರುವುದಕ್ಕೆ ಎರಡೂವರೆ ಗಂಟೆ. ಐದನೆಯದನ್ನು ಸುಮ್ನೆ ಕೊಳ್ಳುವ ಬದಲು ಈ ಸಲ ಕಿವಿ ಅಳತೆಗೆ ಮಾಡಿಸಿದೆ. ಕಸ್ಟಮ್ ಇನ್-ಇಯರ್ ಮಾನಿಟರ್.

ಇದು ಸ್ಟೇಜ್ ಮೇಲೆ ಹಾಡುವವರು, ನುಡಿಸುವವರು ತಮ್ಮ ಸದ್ದು ತಾವೇ ಕೇಳಿಕೊಳ್ಳಲು ಹಾಕುವ ವಸ್ತು. 1995ರಲ್ಲಿ ಅಮೆರಿಕದ ವ್ಯಾನ್ ಹೇಲನ್ ರಾಕ್ ಬ್ಯಾಂಡಿನ ಸೌಂಡ್ ಇಂಜಿನಿಯರ್ ಜೆರ್ರಿ ಹಾರ್ವೆ ತಮ್ಮ ಡ್ರಮ್ಮರ್‌ಗೆ ಮಾಡಿಕೊಟ್ಟರು, ಅಲ್ಲಿಂದ ಇಂಥ ಇಯರ್‌ಫೋನ್ ಮಾಡುವ ಅಲ್ಟಿಮೇಟ್ ಇಯರ್ಸ್ ಕಂಪನಿಯೇ ಹುಟ್ಟಿತು. ಆದರೆ ನಾನು ಇಂಥದ್ದನ್ನು ಮೊದಲು ನೋಡಿದ್ದು ನಮ್ಮ ತಾತನ ಕಿವಿಯಲ್ಲಿ! ಹಿಯರಿಂಗ್ ಏಡ್‌ಗೆ ತೆಗೆಯುವ ಅಚ್ಚೂ ಇದೇ. ಹಾಗಾಗಿ ಅಳತೆಗೆ ಹೋಗಬೇಕಾದ್ದು ಆಡಿಯೋ ಅಂಗಡಿಗಲ್ಲ, ಕಿವಿ ಕೇಳಿಸುವುದನ್ನು ಪರೀಕ್ಷಿಸುವ ಆಡಿಯಾಲಜಿಸ್ಟ್ ಹತ್ತಿರ.

ಹೋದೆ. ಮೇಡಂ ಕಿವಿಯೊಳಗೆ ಟಾರ್ಚ್ ಬಿಟ್ಟು ನೋಡಿ, "ಮೊದಲು ಗುಗ್ಗೆ ತೆಗೆಸ್ಕೊಂಡು ಬನ್ನಿ ಸರ್" ಎಂದರು. ಮಾನ ಹೋಯ್ತು. ವಾರ ಬಿಟ್ಟು ಮತ್ತೆ ಹೋದೆ. ದಾರ ಕಟ್ಟಿದ ಪುಟ್ಟ ಸ್ಪಂಜನ್ನು ಕಿವಿಯ ಎರಡನೇ ತಿರುವು ದಾಟುವ ತನಕ ಒಳಗೆ ತಳ್ಳಿದರು. ಹಲ್ಲಿನ ನಡುವೆ ಒಂದು ಪುಟ್ಟ ತುಂಡು ಇಟ್ಟು ಕಚ್ಚಿ ಹಿಡಿಯಿರಿ ಎಂದರು. ದವಡೆ ಆಡಿದಾಗ ಕಿವಿಯ ಆಕಾರ ಬದಲಾಗುತ್ತದೆ, ಅದಕ್ಕೆ. ಆಮೇಲೆ ಸಿರಿಂಜಿನಲ್ಲಿ ಸಿಲಿಕೋನ್ ಪೇಸ್ಟ್. ತಣ್ಣಗೆ ಒಳಗಿಳಿಯಿತು. ಫ್ಯಾನಿನ ಸದ್ದು, ರಸ್ತೆಯ ಹಾರನ್ನು ಒಂದೊಂದಾಗಿ ಮಾಯ. ನನ್ನ ಉಗುಳು ನುಂಗುವ ಸದ್ದು ಮಾತ್ರ ಉಳಿಯಿತು. ಐದು ನಿಮಿಷ ಬಿಟ್ಟು ಎಳೆದರೆ ಕೈಗೆ ಬಂದಿದ್ದು ಥೇಟ್ ಶುಂಠಿ ತುಂಡು. ಎಡದ್ದು ಒಂಥರಾ, ಬಲದ್ದು ಇನ್ನೊಂಥರಾ.

ಈ ಅಚ್ಚಿನಿಂದ ಇಯರ್‌ಫೋನ್ ಮಾಡುವ ಕಂಪನಿಯವರು, ಹೊರ ಕವಚಕ್ಕೆ ಅಕ್ರಿಲಿಕ್ (ಗಟ್ಟಿ ಪ್ಲಾಸ್ಟಿಕ್) ಬೇಕೋ ಸಿಲಿಕೋನ್ ಬೇಕೋ ಎಂದು ಕೇಳುತ್ತಾರೆ. ಸಿಲಿಕೋನ್ ಮೆತ್ತಗೆ, ಬಾಯಿ ಆಡಿಸಿದರೂ ಸಡಿಲ ಆಗಲ್ಲ. ಆದರೆ ಒಳಗೆ ಏನಾದರೂ ಕೆಟ್ಟರೆ ರಿಪೇರಿ ಕಷ್ಟ. ಅಕ್ರಿಲಿಕ್ ಟೈಲ್ಸ್ ಮೇಲೆ ಬಿದ್ದರೆ ಬಿರುಕು ಬಿಡಬಹುದು, ಆದರೂ ತೆರೆದು ಸರಿಮಾಡಬಹುದು. ನಾನು ಅಕ್ರಿಲಿಕ್ ತಗೊಂಡೆ. ಎಂಟು ಡ್ರೈವರ್ (ಒಳಗಿನ ಪುಟ್ಟ ಸ್ಪೀಕರ್), ಹನ್ನೆರಡು ಡ್ರೈವರ್ ಎಂದು ಆಸೆ ಹುಟ್ಟಿಸುತ್ತಾರೆ. ಸಾಸಿವೆ ಜಾಸ್ತಿ ಹಾಕಿದ ಮಾತ್ರಕ್ಕೆ ಒಗ್ಗರಣೆ ರುಚಿಯಾಗುತ್ತಾ? ನನಗೆ ಮೂರು ಸಾಕಾಯಿತು.

ನಾನು ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಇಲ್ಲಿ. ಹತ್ತಿರದಿಂದ ನೋಡಿ, ಎರಡು ಸಣ್ಣ ತೂತು. 0.78 ಮಿಲಿಮೀಟರ್ ದಪ್ಪದ ಎರಡು ಪಿನ್ ಇದರಲ್ಲಿ ಕೂರುತ್ತವೆ. ವೈರು ಹೋದರೆ ವೈರು ಮಾತ್ರ ಬದಲಾಯಿಸಿದರಾಯಿತು. ಎಂಎಂಸಿಎಕ್ಸ್ ಎಂಬ ಇನ್ನೊಂದು ಬಗೆಯ, ತಿರುಗುವ ಕನೆಕ್ಟರ್ ಕೂಡ ಬರುತ್ತದೆ, ದಿನಾ ತಿರುಗಿ ತಿರುಗಿ ಸಡಿಲವಾಗುತ್ತದೆಂದು ಬೇಡ ಎಂದೆ.

ಮೊದಲ ಸಲ ಬಂದಿದ್ದು ಎಡಗಿವಿ ಒತ್ತುತ್ತಿತ್ತು. ಅರ್ಧ ಗಂಟೆಗೆ ನೋವು. ಮೂವತ್ತು ದಿನದೊಳಗೆ ವಾಪಸ್ ಕಳಿಸಿದರೆ ಉಚಿತವಾಗಿ ಸರಿಮಾಡಿ ಕೊಡುತ್ತೇವೆ ಎಂದು ಕಂಪನಿಯವರು ಹೇಳಿದ್ದರು, ಕೊಟ್ಟರು. ದುಡ್ಡು ಕಟ್ಟುವ ಮೊದಲೇ ಈ ಮಾತು ಕೇಳಿಟ್ಟುಕೊಳ್ಳಿ. ನಿಮ್ಮ ಕಿವಿಗೆ ಮಾಡಿದ್ದನ್ನು ಇನ್ನೊಬ್ಬರಿಗೆ ಮಾರೋಕೆ ಆಗಲ್ಲ ಅಲ್ವಾ?

ಈಗ ರೈಲಿನ ಗದ್ದಲ ಮುಕ್ಕಾಲು ಪಾಲು ಹೊರಗೇ ನಿಲ್ಲುತ್ತದೆ. ವಾಲ್ಯೂಮ್ ಅರ್ಧಕ್ಕೂ ಕೆಳಗಿದೆ. ಸದ್ದು 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ ಕೇಳಬಹುದು, 90 ಆದರೆ ಬರೀ 4 ಗಂಟೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಳೆಯದರಲ್ಲಿ ರೈಲಿನ ಸದ್ದು ಮುಳುಗಿಸಲು ನಾನು ಇಡುತ್ತಿದ್ದ ವಾಲ್ಯೂಮ್ 90 ಡೆಸಿಬೆಲ್ ಇದ್ದಿದ್ದರೆ, ಮಂಗಳವಾರ ಸಂಜೆ ಮನೆ ಸೇರುವ ಮೊದಲೇ ವಾರದ ಕೋಟಾ ಖಾಲಿ! ರಸ್ತೆಗಿಳಿದ ತಕ್ಷಣ ಮಾತ್ರ ತೆಗೆದುಬಿಡುತ್ತೇನೆ, ಹಿಂದಿನ ಆಟೋ ಕೇಳಿಸಲ್ಲ.

ರಾತ್ರಿ ಬಂದು ಬಟ್ಟೆಯಲ್ಲಿ ಒರೆಸಿ, ಈ ಸಣ್ಣ ಕೊಕ್ಕೆಯಿಂದ ಸದ್ದು ಬರುವ ತೂತಿನ ಗುಗ್ಗೆ ತೆಗೆದು, ಡಬ್ಬಿಗೆ ಹಾಕುತ್ತೇನೆ. ಒಳಗಿನ ಸಿಲಿಕಾ ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದೆ, ಕಂಡಿತಾ? ತೇವ ಕುಡಿದಿದೆ. ನಾಳೆ ಬದಲಾಯಿಸಬೇಕು.