ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ?

ಶ್ರೋತೃಗಳಿಗೆ, ವಿಶೇಷವಾಗಿ ವಿದ್ಯಾರ್ಥಿ ಮಿತ್ರರಿಗೆ ನಮಸ್ಕಾರ.

ಭೂವಿಜ್ಞಾನದ ಪಾಠ ಆರಂಭವಾಗುವುದೇ ಶಿಲಾಗೋಳ, ಜಲಗೋಳ, ವಾಯುಗೋಳ, ಜೀವಗೋಳ ಎಂಬ ನಾಲ್ಕು ಹೆಸರುಗಳಿಂದ. ನಾಲ್ಕಕ್ಕೂ ಬೇರೆ ಬೇರೆ ಅಧ್ಯಾಯ, ಬೇರೆ ಬೇರೆ ಪ್ರಶ್ನೆಗಳು. ಪದರಗಳ ಹೆಸರನ್ನೂ ದಪ್ಪವನ್ನೂ ಬಾಯಿಪಾಠ ಮಾಡಿ ಅಲ್ಲಿಗೇ ವಿಷಯವನ್ನು ಕೈಬಿಡುವವರನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಬಂಡೆಯಲ್ಲಿದ್ದದ್ದು ನೀರಿಗೆ, ನೀರಿನಲ್ಲಿದ್ದದ್ದು ಗಾಳಿಗೆ, ಗಾಳಿಯಲ್ಲಿದ್ದದ್ದು ಜೀವಿಗಳ ದೇಹಕ್ಕೆ ಸದಾ ಸಾಗುತ್ತಲೇ ಇರುತ್ತದೆ. ಈ ಸಾಗಾಟವನ್ನು ಬಿಟ್ಟು ಭೂಮಿಯನ್ನು ಅರಿಯಲು ಸಾಧ್ಯವೇ ಇಲ್ಲ. ಆದ್ದರಿಂದ ಯಾವ ವಸ್ತುವನ್ನು ಕಂಡರೂ ಎರಡು ಪ್ರಶ್ನೆಗಳನ್ನು ಕೇಳಿ: ಇದು ಎಲ್ಲಿಂದ ಬಂತು, ಇಲ್ಲಿಂದ ಎಲ್ಲಿಗೆ ಹೋಗುತ್ತದೆ? ನಾನು ಇಂದು ಹೇಳಬೇಕೆಂದಿರುವುದು ಇದೊಂದೇ ಮಾತು.

ಇದಕ್ಕೆ ನನಗೆ ಬಹಳ ಪ್ರಿಯವಾದ ಪ್ರಸಂಗವೊಂದಿದೆ. 1832ರ ಜನವರಿಯಲ್ಲಿ ಬೀಗಲ್ ಎಂಬ ಹಡಗು ಆಫ್ರಿಕದ ಪಶ್ಚಿಮಕ್ಕಿರುವ ಕೇಪ್ ವರ್ಡ್ ದ್ವೀಪಗಳನ್ನು ಸಮೀಪಿಸುತ್ತಿತ್ತು. ಅದರಲ್ಲಿದ್ದ ಚಾರ್ಲ್ಸ್ ಡಾರ್ವಿನ್‌ಗೆ ಆಗಿನ್ನೂ 22 ವರ್ಷ. ಗಾಳಿಯಲ್ಲಿ ಮಬ್ಬು ಕವಿದಿತ್ತು. ನಯವಾದ ಧೂಳು ಹಡಗಿನ ಖಗೋಳ ಉಪಕರಣಗಳನ್ನು ಸ್ವಲ್ಪ ಕೆಡಿಸಿಯೂ ಇತ್ತು. ಇನ್ನೊಬ್ಬರಾಗಿದ್ದರೆ ಧೂಳನ್ನು ಒರೆಸಿ ಸುಮ್ಮನಾಗುತ್ತಿದ್ದರು. ಡಾರ್ವಿನ್ ಮಾತ್ರ ಹಾಯಿಕಂಬದ ತುದಿಯ ಗಾಳಿಸೂಚಿಯ ತೆಳುಬಟ್ಟೆಯಲ್ಲಿ ಸೋಸಿ ಉಳಿದಿದ್ದ ಕಂದು ಬಣ್ಣದ ಧೂಳನ್ನು ಚಿಕ್ಕ ಪೊಟ್ಟಣವೊಂದರಲ್ಲಿ ಕಟ್ಟಿಟ್ಟುಕೊಂಡರು. ಮುಂದೆ ಅಂಥ ಐದು ಪೊಟ್ಟಣಗಳು ಜರ್ಮನಿಯ ಎಹ್ರೆನ್‌ಬರ್ಗ್ ಎಂಬ ವಿಜ್ಞಾನಿಯ ಸೂಕ್ಷ್ಮದರ್ಶಕದ ಕೆಳಗೆ ಬಂದವು. ಅವುಗಳಲ್ಲಿ 67 ಬಗೆಯ ಜೈವಿಕ ರೂಪಗಳು ಕಂಡವು. ಅವುಗಳಲ್ಲಿದ್ದ ಚಿಪ್ಪುಳ್ಳ ಸೂಕ್ಷ್ಮಜೀವಿಗಳಲ್ಲಿ ಎರಡು ಬಗೆಯವನ್ನು ಬಿಟ್ಟರೆ ಉಳಿದವೆಲ್ಲವೂ ಸಿಹಿನೀರಿನವು.

ಇಲ್ಲಿ ಒಂದು ಕ್ಷಣ ನಿಲ್ಲಿ. ಸುತ್ತಲೂ ಉಪ್ಪುನೀರಿನ ಕಡಲು, ಗಾಳಿ ಬೀಸುತ್ತಿರುವುದು ಆಫ್ರಿಕದ ಒಣನೆಲದ ಕಡೆಯಿಂದ. ಹಾಗಿರುವಾಗ ಸಿಹಿನೀರಿನ ಜೀವಿಗಳ ಚಿಪ್ಪು ಧೂಳಿನೊಳಗೆ ಎಲ್ಲಿಂದ ಬಂತು?

ಉತ್ತರ ಸಹಾರಾದ ಹಿಂದಿನ ಕಾಲದಲ್ಲಿದೆ. ಕೆಲವೇ ಸಾವಿರ ವರ್ಷಗಳ ಹಿಂದೆ ಇಂದಿನ ಮರುಭೂಮಿಯ ಎಷ್ಟೋ ಭಾಗಗಳಲ್ಲಿ ಹುಲ್ಲುಗಾವಲುಗಳೂ ಸರೋವರಗಳೂ ಇದ್ದವು. ಇಂದಿನ ಚಾಡ್ ದೇಶದಲ್ಲಿ ಒಂದು ಮಹಾಸರೋವರವೇ ಇತ್ತು. ಅದರ ನೀರಿನಲ್ಲಿ ಡಯಾಟಮ್ ಎಂಬ, ಬರಿಗಣ್ಣಿಗೆ ಕಾಣದ ಪಾಚಿಗಳು ಸಿಲಿಕಾದ ಚಿಪ್ಪು ಕಟ್ಟಿಕೊಂಡು ಬದುಕಿ, ಸತ್ತು ತಳ ಸೇರಿದವು. ಸರೋವರ ಬತ್ತಿದಾಗ ಆ ಬಿಳಿಯ, ಹಗುರವಾದ ಪುಡಿ ಬಯಲಿಗೆ ಬಿತ್ತು. ಬೊಡೆಲೆ ಎಂಬ ಆ ತಗ್ಗುಪ್ರದೇಶಕ್ಕೆ ಟಿಬೆಸ್ಟಿ ಮತ್ತು ಎನೆಡಿ ಎಂಬ ಎರಡು ಎತ್ತರದ ಪ್ರದೇಶಗಳ ನಡುವಿನ ಕಿರಿದಾದ ದಾರಿಯಿಂದ ಗಾಳಿ ರಭಸದಿಂದ ನುಗ್ಗುತ್ತದೆ. ಪ್ರಪಂಚದಲ್ಲಿ ಅತಿ ಹೆಚ್ಚು ಧೂಳು ಏಳುವ ಸ್ಥಳಗಳಲ್ಲಿ ಅದೂ ಒಂದು.

ಎಲ್ಲಿಂದ ಬಂತು ಎಂಬುದು ತಿಳಿಯಿತು; ಎಲ್ಲಿಗೆ ಹೋಗುತ್ತದೆ? ಸಹಾರಾದ ಧೂಳು ಅಟ್ಲಾಂಟಿಕ್ ಸಾಗರವನ್ನೇ ದಾಟಿ ದಕ್ಷಿಣ ಅಮೆರಿಕದ ಅಮೆಜಾನ್ ಕಾಡನ್ನು ತಲುಪುತ್ತದೆ. ಉಪಗ್ರಹವೊಂದು 2007ರಿಂದ 2013ರವರೆಗೆ ಮಾಡಿದ ಅಳತೆಗಳನ್ನು ಆಧರಿಸಿ, ವರ್ಷಕ್ಕೆ ಸರಾಸರಿ 2.77 ಕೋಟಿ ಟನ್ ಧೂಳು ಅಲ್ಲಿ ಬೀಳುತ್ತದೆಂದೂ ಅದರಲ್ಲಿ ಸಸ್ಯಗಳ ಬೆಳವಣಿಗೆಗೆ ಬೇಕಾದ ರಂಜಕ ಸುಮಾರು 22,000 ಟನ್ ಇದೆಯೆಂದೂ ವಿಜ್ಞಾನಿಗಳು 2015ರಲ್ಲಿ ಲೆಕ್ಕ ಹಾಕಿದರು. ಅಮೆಜಾನಿನ ಮಣ್ಣು ಸಾರಹೀನವಾದದ್ದು. ಬಿಡದೆ ಸುರಿಯುವ ಮಳೆ ಅದರ ರಂಜಕವನ್ನು ತೊಳೆದು ನದಿಗೆ ಸೇರಿಸುತ್ತದೆ. ಹಾಗೆ ಕಳೆದುಹೋಗುವಷ್ಟನ್ನು ಹೆಚ್ಚುಕಡಿಮೆ ಈ ಧೂಳು ತುಂಬಿಕೊಡುತ್ತದೆ. ಸರೋವರದ ತಳ, ಮರುಭೂಮಿಯ ಗಾಳಿ, ಮಳೆ, ಮರ: ಇದರಲ್ಲಿ ಯಾವುದು ಶಿಲಾಗೋಳದ ಅಧ್ಯಾಯ, ಯಾವುದು ಜೀವಗೋಳದ ಅಧ್ಯಾಯ, ನೀವೇ ಹೇಳಿ.

ಸಮಯ ಹೆಚ್ಚು ಉಳಿದಿಲ್ಲ. ಜಲಚಕ್ರವನ್ನು ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಆವಿಯಾದ ನೀರು ಗಾಳಿಯಲ್ಲಿ ಸರಾಸರಿ ಒಂಬತ್ತು ಹತ್ತು ದಿನ ಮಾತ್ರ ಇದ್ದು ಮಳೆಯಾಗಿಯೋ ಹಿಮವಾಗಿಯೋ ಇಳಿಯುತ್ತದೆ. ಸಾಗರದಲ್ಲಾದರೆ ಸಾವಿರಾರು ವರ್ಷ ಉಳಿಯುತ್ತದೆ. ಆದ್ದರಿಂದ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಾಗ, ಅಲ್ಲಿ ಎಷ್ಟು ಕಾಲ ಇರುತ್ತದೆ ಎಂದೂ ಕೇಳಿಕೊಳ್ಳಿ.

ಇಂಗಾಲದ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ಮುಖ್ಯವಾದದ್ದು. ಕಲ್ಲಿದ್ದಲಿನ ಒಂದು ದೊಡ್ಡ ಪಾಲು ಸುಮಾರು 30 ಕೋಟಿ ವರ್ಷಗಳ ಹಿಂದೆ ಜೌಗುಕಾಡುಗಳ ಸಸ್ಯಗಳು ಗಾಳಿಯಿಂದ ಹೀರಿದ ಇಂಗಾಲ. ಅದನ್ನು ನಾವು ಅಗೆದು ಸುಟ್ಟು ಮತ್ತೆ ಗಾಳಿಗೇ ಸೇರಿಸುತ್ತಿದ್ದೇವೆ. ಅಮೆರಿಕದ ವಿಜ್ಞಾನಿ ಚಾರ್ಲ್ಸ್ ಡೇವಿಡ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಅಳೆಯಲು ತೊಡಗಿದಾಗ, ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 315 ಇಂಗಾಲದ ಡೈಆಕ್ಸೈಡಿನವು. ಈಗ ಅವು 420ನ್ನು ದಾಟಿವೆ. ನಾವು ಹೊರಬಿಟ್ಟದ್ದರಲ್ಲಿ ಗಾಳಿಯಲ್ಲಿ ಉಳಿಯುವುದು ಅರ್ಧದಷ್ಟು ಮಾತ್ರ. ಮಿಕ್ಕದ್ದನ್ನು ನೆಲದ ಸಸ್ಯಗಳೂ ಸಾಗರವೂ ಹೀರಿಕೊಳ್ಳುತ್ತವೆ. ಸಾಗರ ಸೇರಿದ ಪಾಲು ಅಲ್ಲಿನ ನೀರಿನ ಆಮ್ಲೀಯತೆಯನ್ನು ಹೆಚ್ಚಿಸುತ್ತಿದೆ. ಹವಳದ ಜೀವಿಗಳಿಗೂ ಸಿಂಪಿಗಳಿಗೂ ಸುಣ್ಣದ ಗೂಡನ್ನು, ಚಿಪ್ಪನ್ನು ಕಟ್ಟಿಕೊಳ್ಳುವುದು ಅದರಿಂದ ಕಷ್ಟವಾಗುತ್ತಿದೆ. ಅಲ್ಲಿಂದ ಮುಂದೆ ಆ ಇಂಗಾಲ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಿಮ್ಮ ಅಧ್ಯಾಪಕರ ಬಳಿ ಬಿಡದೆ ಕೇಳಿ. ನಮಸ್ಕಾರ.