ಮೊದಲು ಬುಡ ನೋಡಿ

ಎಲ್ಲರಿಗೂ ನಮಸ್ಕಾರ. ವನಮಹೋತ್ಸವಕ್ಕೆ ಶಾಲೆಗಳಲ್ಲಿ ಗುಂಡಿ ತೋಡುವುದು ಶುರುವಾಗಿದೆ, ಸಂತೋಷ. ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ಒಂದೇ ಕೋರಿಕೆ. ಮಕ್ಕಳ ಕೈಗೆ ಹೊಸ ಸಸಿ ಕೊಡುವ ಮೊದಲು, ಅವರವರ ಬೀದಿಯಲ್ಲಿ ಆಗಲೇ ನಿಂತಿರುವ ಒಂದು ಮರದ ಬುಡ ತೋರಿಸಿ.

ಸರಸ್ವತಿಪುರಂ ಇರಲಿ, ಕುವೆಂಪುನಗರ ಇರಲಿ, ಹೊಂಗೆ, ಬೇವು, ಸಂಪಿಗೆಗೆ ನಮ್ಮ ಮೈಸೂರಲ್ಲಿ ಬರವಿಲ್ಲ. ಮರ ಅಂದ ಕೂಡಲೇ ಮಕ್ಕಳು ತಲೆ ಎತ್ತಿ ನೋಡುತ್ತಾರೆ. ಬೀದಿಮರದ ಸಂಕಟ ಹೆಚ್ಚಾಗಿ ಶುರುವಾಗುವುದು ಕೆಳಗೆ. ನೀರು ಹೀರುವ ಎಳೆಬೇರುಗಳಲ್ಲಿ ಬಹುಪಾಲು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಇರುತ್ತವೆ, ಅವಕ್ಕೆ ಗಾಳಿಯೂ ಬೇಕು. ಕಾಂಡಕ್ಕೆ ತಾಗಿಸಿ ಟೈಲ್ಸ್ ಹಾಕಿದರೆ ಉಸಿರು ಕಟ್ಟುತ್ತದೆ. ತುದಿಕೊಂಬೆ ಒಣಗಿದ್ದು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಬೇರು ಎಷ್ಟೋ ಸತ್ತಿರುತ್ತದೆ. ಸುತ್ತ ಕನಿಷ್ಠ ಎರಡಡಿ ಮಣ್ಣು ತೆರೆದಿರಬೇಕು. ಮಕ್ಕಳೇ ಟೇಪು ಹಿಡಿದು ಅಳೆಯಲಿ.

ಆಮೇಲೆ ತಂತಿ. ಯಾವುದೋ ಬ್ಯಾನರ್ ಕಟ್ಟಿದ ಬೈಂಡಿಂಗ್ ವೈರು, ಬ್ಯಾನರ್ ಹೋದ ಮೇಲೂ ಅಲ್ಲೇ ಉಳಿದಿರುತ್ತದೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಮೈಯಲ್ಲಿ. ಕಾಂಡ ದಪ್ಪವಾಗುತ್ತದೆ, ತಂತಿ ಹಿಗ್ಗುವುದಿಲ್ಲ. ತಂತಿಯ ಮೇಲ್ಭಾಗದ ತೊಗಟೆ ತುಟಿಯ ಹಾಗೆ ಊದಿಕೊಂಡಿದ್ದರೆ, ಬೇರಿಗೆ ಹೋಗಬೇಕಾದ ಅನ್ನ ಅಲ್ಲೇ ಸಿಕ್ಕಿಕೊಂಡಿದೆ ಅಂತ ಅರ್ಥ. ಒಂದು ಮಗುವಿನ ಬೆರಳಿಗೆ ರಬ್ಬರ್ ಬ್ಯಾಂಡ್ ಎರಡು ಸುತ್ತು ಹಾಕಿ, ಅರ್ಧ ನಿಮಿಷದಲ್ಲಿ ಬಿಚ್ಚಿ. ಕೆಂಪಾದ ಬೆರಳ ತುದಿ ನೋಡಿದ ಮಗುವಿಗೆ ಬೇರೆ ಪಾಠ ಬೇಡ. ಸಡಿಲ ಇರುವ ತಂತಿಯನ್ನು ದೊಡ್ಡವರು ಕಟಿಂಗ್ ಪ್ಲೇಯರಲ್ಲಿ ಕತ್ತರಿಸಲಿ. ತೊಗಟೆಯೊಳಗೆ ಹುದುಗಿಹೋಗಿದ್ದರೆ ಎಳೆಯಬೇಡಿ, ತೊಗಟೆಯೂ ಕಿತ್ತು ಬರುತ್ತದೆ. ಹೊರಗೆ ಕಾಣುವಷ್ಟನ್ನು ಕತ್ತರಿಸಿ ಬಿಡಿ. ಕಬ್ಬಿಣದ ಟ್ರೀಗಾರ್ಡ್ ಕೂಡ ಹೀಗೇ, ಕಾಂಡ ಸರಳಿಗೆ ತಾಗುವ ಮೊದಲೇ ತೆಗೆಯಬೇಕು.

ನೀರಿನ ವಿಷಯ. ಸಸಿಗೆ ದಿನಾ ಒಂದು ಚೊಂಬು ಹಾಕಿದರೆ ಮಣ್ಣಿನ ಮೇಲ್ಮೈ ಮಾತ್ರ ನೆನೆಯುತ್ತದೆ. ಬೇರು ಕೆಳಗಿಳಿಯುವ ಗೋಜಿಗೇ ಹೋಗುವುದಿಲ್ಲ, ಬೇಸಿಗೆ ರಜೆಯಲ್ಲಿ ಎರಡು ವಾರ ತಪ್ಪಿತೋ, ಸಸಿ ಹೋಯಿತು. ಬೇಸಿಗೆಯಲ್ಲಿ ವಾರಕ್ಕೆರಡು ಸಲ ಒಂದೊಂದು ಬಿಂದಿಗೆ, ನಿಧಾನವಾಗಿ, ಇಂಗಲು ಬಿಟ್ಟು. ಏಪ್ರಿಲ್, ಮೇ ತಿಂಗಳ ಪಾಳಿ ಯಾರದು ಅಂತ ಪರೀಕ್ಷೆಗೆ ಮುಂಚೆಯೇ ಬರೆದಿಡಿ.

ಗುಡಿಸಿದ ಒಣ ಎಲೆಗೆ ಬುಡದಲ್ಲೇ ಬೆಂಕಿ ಇಡುತ್ತಾರಲ್ಲ, ನೋಡಿ, ಮತ್ತೆ ಬುಡಕ್ಕೇ ಬಂದೆ. ಆ ಕಾವಿಗೆ ಒಂದು ಮಗ್ಗುಲಿನ ತೊಗಟೆಯೇ ಸಾಯಬಹುದು. ಅದೇ ಎಲೆಯನ್ನು ಮೂರಿಂಚು ದಪ್ಪ ಹರಡಿದರೆ ತೇವ ಉಳಿಯುತ್ತದೆ. ಕಾಂಡದಿಂದ ನಾಲ್ಕು ಬೆರಳು ದೂರ ಇರಲಿ, ತಾಗಿದರೆ ತೊಗಟೆ ಕೊಳೆಯುತ್ತದೆ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಹೊಂಗೆ ಎಲೆಯ ಮೇಲಿನ ಗಂಟುಗಳು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಕೆಲಸ, ಮರ ಸಾಯುವುದಿಲ್ಲ, ಔಷಧಿ ಬೇಡ. ಬಂದಳಿಕೆ, ಅಂದರೆ ಮರದ ಕೊಂಬೆಯ ಮೇಲೇ ಬೆಳೆದು ಅದರ ರಸ ಹೀರುವ ಗಿಡ, ಹಾಗಲ್ಲ. ಅದರ ಹಣ್ಣು ತಿಂದ ಹಕ್ಕಿ ಅಂಟುಬೀಜವನ್ನು ಇನ್ನೊಂದು ಕೊಂಬೆಗೆ ಒರೆಸುತ್ತದೆ, ಅದಕ್ಕೇ ಹಣ್ಣಾಗುವ ಮೊದಲೇ ಆ ಕೊಂಬೆ ಕತ್ತರಿಸಬೇಕು. ದಯವಿಟ್ಟು ಮಕ್ಕಳನ್ನು ಮರ ಹತ್ತಿಸಬೇಡಿ. ಅವರು ಗುರುತಿಸಿ, ಚಿತ್ರ ಬರೆದು, ಪಾಲಿಕೆಗೆ ಅರ್ಜಿ ಕೊಡಲಿ.

ಇಲ್ಲೇ ಗೇಟಿನ ಪಕ್ಕ ಒಂದು ಹೊಂಗೆ ಇದೆ, ಬುಡದವರೆಗೂ ಟೈಲ್ಸು. ಟೇಪು ತಂದಿದ್ದೇನೆ. ಕಾಫಿ ಆದಮೇಲೆ ಮಕ್ಕಳೆಲ್ಲ ಅಲ್ಲಿಗೆ ಬನ್ನಿ.